ಹನ್ನೆರಡು ಮಾರ್ಕಿನ ಪೋಷಕಿ

ಪ್ರತಿ ವರ್ಷ ಡಿಸೆಂಬರ್‌ನಲ್ಲಿ ವಿದ್ಯಾರ್ಥಿಗಳನ್ನು ಬೇಲೂರಿಗೆ ಕರೆದುಕೊಂಡು ಹೋಗುವುದು, ನಾನು ಹಾಸನದಲ್ಲಿ ಇತಿಹಾಸದ ಅಧ್ಯಾಪಕನಾಗಿದ್ದ ಅಷ್ಟೂ ವರ್ಷ ತಪ್ಪದೆ ನಡೆದುಕೊಂಡು ಬಂದ ಕೆಲಸ. ಚೆನ್ನಕೇಶವನ ಗುಡಿಯ ಮದನಿಕೆಯರ ಕೆಳಗೆ ಕತ್ತೆತ್ತಿ ನಿಂತ ಹುಡುಗರಲ್ಲಿ ಯಾರಾದರೊಬ್ಬರು ಒಂದೇ ಪ್ರಶ್ನೆಯನ್ನು ಕೇಳುತ್ತಿದ್ದರು: “ಸಾರ್, ಇದಕ್ಕೆಲ್ಲ ದುಡ್ಡು ಕೊಟ್ಟವರು ಯಾರು?” ನನ್ನ ಉತ್ತರವೂ ಒಂದೇ ಆಗಿತ್ತು. 1117ರಲ್ಲಿ ಇಲ್ಲಿ ದೇವರ ಪ್ರತಿಷ್ಠೆ ಮಾಡಿಸಿದವನು ವಿಷ್ಣುವರ್ಧನ, ಪಕ್ಕದ ಕಪ್ಪೆ ಚೆನ್ನಿಗರಾಯನ ಗುಡಿಯನ್ನು ಕಟ್ಟಿಸಿದವಳು ಶಾಂತಲೆ, ಹಳೇಬೀಡಿನ ಹೊಯ್ಸಳೇಶ್ವರಕ್ಕೆ ಕೈಹಾಕಿದವನು ಕೇತಮಲ್ಲ. ಪೋಷಕ ಎಂದರೆ ಬೊಕ್ಕಸದ ಬಾಯಿ ತೆರೆಯಬಲ್ಲವನು ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ನಿವೃತ್ತಿಯಾದ ಮೇಲೆ ಬಿಡುವಾಗಿ ಓದಲು ಕುಳಿತಾಗ, ನಮ್ಮ ಜಿಲ್ಲೆಗೂ ನಮ್ಮ ಶತಮಾನಗಳಿಗೂ ಯಾವ ಸಂಬಂಧವೂ ಇಲ್ಲದ ಒಬ್ಬ ಜರ್ಮನ್ ವಿದ್ವಾಂಸೆಯ ಜೀವನವನ್ನು ತಿಳಿದುಕೊಳ್ಳುತ್ತ ಹೋದಂತೆ, ಆ ಉತ್ತರ ಅರ್ಧ ಮಾತ್ರ ಸರಿ ಎಂದು ಅನ್ನಿಸತೊಡಗಿತು.

ಅವರ ಹೆಸರು ರೋಸಾ ಷಾಪಿರೆ. ಹುಟ್ಟಿದ್ದು 1874ರಲ್ಲಿ, ಅಂದು ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ್ದ ಗಲೀಷಿಯಾ ಪ್ರಾಂತ್ಯದ ಬ್ರೋಡಿ ಎಂಬ ಊರಿನಲ್ಲಿ, ಒಂದು ಯೆಹೂದ್ಯ ಕುಟುಂಬದಲ್ಲಿ. ಆಮೇಲೆ ಕುಟುಂಬ ಹ್ಯಾಂಬರ್ಗಿಗೆ ಬಂದು ನೆಲೆಸಿತು. ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಇನ್ನೂ ಸರಿಯಾಗಿ ತೆರೆದಿರದ ಕಾಲದಲ್ಲಿ ಅವರು ಕಲಾ ಇತಿಹಾಸವನ್ನು ಓದಿ, 1904ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಡಾಕ್ಟರೇಟ್ ಪಡೆದರು. ಆ ವಿಷಯದಲ್ಲಿ ಡಾಕ್ಟರೇಟ್ ಪಡೆದ ಮೊದಮೊದಲ ಜರ್ಮನ್ ವಿದ್ಯಾರ್ಥಿನಿಯರಲ್ಲಿ ಅವರೂ ಒಬ್ಬರು. ಪದವಿ ಬಂದರೂ ಅದಕ್ಕೆ ತಕ್ಕ ಹುದ್ದೆ ಬರಲಿಲ್ಲ. ಉಪನ್ಯಾಸ, ಪತ್ರಿಕೆಗಳಿಗೆ ವಿಮರ್ಶೆ, ಬೇರೆ ಭಾಷೆಗಳಿಂದ ಅನುವಾದ, ಇವೇ ಅವರ ಜೀವನಾಧಾರ. ಮದುವೆಯಾಗಲಿಲ್ಲ. ಹ್ಯಾಂಬರ್ಗಿನ ಓಸ್ಟರ್‌ಬೆಕ್ ಬೀದಿಯ ಬಾಡಿಗೆ ಮನೆಯೊಂದರಲ್ಲಿ ಬದುಕಿದರು. ಇಂಥವರನ್ನು ಪೋಷಕಿ ಎಂದು ಕರೆಯಲು ನಮ್ಮ ಭಾಷೆ ಸ್ವಲ್ಪ ಹಿಂಜರಿಯುತ್ತದೆ, ಏಕೆಂದರೆ ಆಶ್ರಯ ಎಂಬ ಮಾತಿನೊಳಗೇ ಮೇಲೊಂದು ಚಾವಣಿ, ಕೆಳಗೊಬ್ಬ ಆಶ್ರಿತ ಎಂಬ ಕಲ್ಪನೆ ಅಡಗಿದೆ.

1905ರಲ್ಲಿ ಡ್ರೆಸ್ಡೆನ್ ನಗರದಲ್ಲಿ ವಾಸ್ತುಶಿಲ್ಪ ಓದುತ್ತಿದ್ದ ನಾಲ್ವರು ತರುಣರು ಕಿರ್ಶ್ನರ್, ಹೆಕೆಲ್, ಬ್ಲೈಲ್ ಮತ್ತು ಶ್ಮಿಟ್-ರೊಟ್ಲುಫ್ ಸೇರಿ ಒಂದು ಬಳಗ ಕಟ್ಟಿಕೊಂಡು ಅದಕ್ಕೆ ‘ಬ್ರೂಕೆ’, ಎಂದರೆ ಸೇತುವೆ, ಎಂದು ಹೆಸರಿಟ್ಟರು. ಅಕಾಡೆಮಿಯ ನಯ ನಾಜೂಕು ಅವರಿಗೆ ಬೇಕಿರಲಿಲ್ಲ. ಬೆರೆಸದ ಬಣ್ಣ, ಮರದ ಅಚ್ಚಿನಲ್ಲಿ ಉಳಿಯ ಗುರುತನ್ನು ಮರೆಮಾಚದ ಒರಟು ಗೆರೆ, ಮನುಷ್ಯನ ಮುಖಕ್ಕೆ ಹಸಿರನ್ನೋ ಹಳದಿಯನ್ನೋ ಬಳಿಯುವ ಧೈರ್ಯ ಅವರದಾಗಿತ್ತು. ಕೊಳ್ಳುವವರು ವಿರಳ. ಆಗ ಅವರು ಹೂಡಿದ ಉಪಾಯ ನನಗೆ ಬಹಳ ಇಷ್ಟವಾಯಿತು: ಚಿತ್ರ ಬಿಡಿಸುವವರು ಸಕ್ರಿಯ ಸದಸ್ಯರು, ಚಿತ್ರ ನೋಡುವವರು ನಿಷ್ಕ್ರಿಯ ಸದಸ್ಯರು. ನಿಷ್ಕ್ರಿಯ ಸದಸ್ಯರು ವರ್ಷಕ್ಕೆ ಹನ್ನೆರಡು ಮಾರ್ಕ್ ಚಂದಾ ಕೊಟ್ಟರೆ, ಮರದ ಅಚ್ಚಿನಲ್ಲಿ ಮುದ್ರಿಸಿದ ಸದಸ್ಯತ್ವದ ಕಾರ್ಡು, ಬಳಗದ ವರದಿ, ಮೂಲ ಮುದ್ರಣಚಿತ್ರಗಳ ಒಂದು ಕಟ್ಟು ವರ್ಷಕ್ಕೊಮ್ಮೆ ಅವರ ಕೈ ಸೇರುತ್ತಿದ್ದವು. ನಮ್ಮ ಊರುಗಳಲ್ಲಿ ಸಾಹಿತ್ಯ ಪತ್ರಿಕೆಗೆ ಚಂದಾದಾರರನ್ನು ಕೂಡಿಸುವ ಕ್ರಮಕ್ಕಿಂತ ಇದು ಬೇರೆಯಲ್ಲ. ಬಳಗ ಇದ್ದಷ್ಟು ಕಾಲ ಹೀಗೆ ಸೇರಿದ ಸದಸ್ಯರು ಒಟ್ಟು 70ರ ಆಸುಪಾಸು. ರೋಸಾ 1907ರಲ್ಲಿ ಅವರಲ್ಲೊಬ್ಬರಾದರು. ‘ನಿಷ್ಕ್ರಿಯ’ ಎಂಬ ಪದ ಇಷ್ಟು ತಪ್ಪಾಗಿ ಅನ್ವಯವಾದ ವ್ಯಕ್ತಿ ಇನ್ನೊಬ್ಬರಿರಲಾರರು.

ಮೊದಮೊದಲು ಅವರಿಗೆ ಎಮಿಲ್ ನೋಲ್ಡೆಯ ಚಿತ್ರಗಳಲ್ಲಿಯೂ ಆಸಕ್ತಿ ಇತ್ತು, ಆದರೆ ಆ ಸ್ನೇಹ ಬಹುಕಾಲ ನಿಲ್ಲಲಿಲ್ಲ. ನೋಲ್ಡೆ ಮುಂದೆ ಯೆಹೂದ್ಯರ ವಿರುದ್ಧ ವಿಷ ಕಾರಿದವನು, ನಾಜಿಗಳ ಬೆಂಬಲಿಗ. ಅದೇ ನಾಜಿಗಳು ಅವನ ಸಾವಿರಕ್ಕೂ ಹೆಚ್ಚು ಕೃತಿಗಳನ್ನು ವಸ್ತುಸಂಗ್ರಹಾಲಯಗಳಿಂದ ಕಿತ್ತುಹಾಕಿದ್ದು ಇತಿಹಾಸದ ಕುಹಕ ಎನ್ನದೆ ಬೇರೆ ದಾರಿಯಿಲ್ಲ. ರೋಸಾ ಅವರ ನಿಷ್ಠೆ ಗಟ್ಟಿಯಾಗಿ ನೆಲೆನಿಂತದ್ದು ಕಾರ್ಲ್ ಶ್ಮಿಟ್-ರೊಟ್ಲುಫ್ ಎಂಬ, ತಮಗಿಂತ ಹತ್ತು ವರ್ಷ ಕಿರಿಯ ಚಿತ್ರಕಾರನ ಮೇಲೆ. ಆತ ಉತ್ತರ ಸಮುದ್ರದ ದಂಡೆಯ ಡಾಂಗಾಸ್ಟ್ ಎಂಬ ಹಳ್ಳಿಯಲ್ಲಿ ಬೇಸಗೆಗಳನ್ನು ಕಳೆಯುತ್ತ ಚಿತ್ರ ಬರೆಯುತ್ತಿದ್ದ. ಆತನೂ ಬಳಗದ ಇತರರೂ ರೋಸಾ ಅವರಿಗೆ ಅಂಚೆ ಕಾರ್ಡಿನ ಮೇಲೆ ಬಣ್ಣದ ಪುಟ್ಟ ಚಿತ್ರಗಳನ್ನು ಬಿಡಿಸಿ ಕಳಿಸುತ್ತಿದ್ದರು. ಬರೆಯುತ್ತಿರುವ ದೊಡ್ಡ ಚಿತ್ರದ ಸುದ್ದಿಯನ್ನು ಅದೇ ಚಿತ್ರದ ಚಿಕ್ಕ ರೂಪದಲ್ಲಿ ತಿಳಿಸುವುದು, ಒಕ್ಕಣೆ ಎರಡೇ ಸಾಲು. ಕಾರ್ಡಿನ ಬೆಲೆ ಕೆಲವು ಕಾಸು. ಆಕೆಯ ಸಂಗ್ರಹ ಬೆಳೆದದ್ದು ಹೀಗೆ, ಕೊಂಡದ್ದರಿಂದ ಎಷ್ಟೋ, ಉಡುಗೊರೆಯಾಗಿ ಬಂದದ್ದರಿಂದಲೂ ಅಷ್ಟೇ.

ಅದಕ್ಕೆ ಪ್ರತಿಯಾಗಿ ಆಕೆ ಕೊಟ್ಟದ್ದು ವಿದ್ವತ್ತನ್ನು. ಜನ ನಕ್ಕು ಮುಂದೆ ಹೋಗುತ್ತಿದ್ದ ಚಿತ್ರಗಳ ಮುಂದೆ ನಿಂತು ಉಪನ್ಯಾಸ ಕೊಟ್ಟರು, ಪತ್ರಿಕೆಗಳಲ್ಲಿ ವಾದಿಸಿದರು, ಮೊದಲ ಮಹಾಯುದ್ಧದ ನಂತರ ‘ಕುಂಡುಂಗ್’ ಎಂಬ ಕಲಾಪತ್ರಿಕೆಯನ್ನು ವಿಲ್ಹೆಲ್ಮ್ ನೀಮೇಯರ್ ಜೊತೆ ಸಂಪಾದಿಸಿದರು. ಇವೆಲ್ಲಕ್ಕಿಂತ ಮಿಗಿಲಾದದ್ದು 1924ರಲ್ಲಿ ಬರ್ಲಿನ್‌ನಲ್ಲಿ ಪ್ರಕಟವಾದ, ಶ್ಮಿಟ್-ರೊಟ್ಲುಫ್‌ನ 1923ರವರೆಗಿನ ಮುದ್ರಣಚಿತ್ರಗಳ ಸಮಗ್ರ ಸೂಚಿ. ನಲವತ್ತರ ಹೊಸ್ತಿಲಲ್ಲಿದ್ದ, ಇನ್ನೂ ವಾಗ್ವಾದಕ್ಕೆ ಗುರಿಯಾಗಿದ್ದ ಕಲಾವಿದನೊಬ್ಬನ ಮರದ ಅಚ್ಚು, ಶಿಲಾಮುದ್ರಣ, ತಾಮ್ರದ ಮೇಲಿನ ಕೊರೆತ ಇವುಗಳನ್ನು ಒಂದೊಂದಾಗಿ ಎಣಿಸಿ, ಕ್ರಮಸಂಖ್ಯೆ ಕೊಟ್ಟು, ಶತಮಾನಗಳ ಹಿಂದಿನ ಗುರುವಿನ ಕೃತಿಗಳಿಗೆ ಸಲ್ಲುವ ಮರ್ಯಾದೆಯಲ್ಲಿ ದಾಖಲಿಸುವುದು ಸಾಮಾನ್ಯ ಕೆಲಸವಲ್ಲ. ಇತಿಹಾಸ ಓದಿದ ನಮಗೆ ಇದರ ಬೆಲೆ ಬೇಗ ಅರ್ಥವಾಗುತ್ತದೆ. ಶಾಸನವನ್ನು ಉಲ್ಲೇಖಿಸುವಾಗ ನಾವು ಈಗಲೂ ತಾಲ್ಲೂಕಿನ ಹೆಸರು ಹೇಳಿ ಒಂದು ಸಂಖ್ಯೆ ಹೇಳುತ್ತೇವಲ್ಲ, ಅದು ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನಸಂಗ್ರಹದ ಹಾಸನ ಮತ್ತು ಕಡೂರು ಜಿಲ್ಲೆಗಳ ಸಂಪುಟಗಳಲ್ಲಿ ಹಾಕಿಕೊಟ್ಟ ಪದ್ಧತಿ. ಆರ್. ನರಸಿಂಹಾಚಾರ್ಯರು 1919ರಲ್ಲಿ ಬೇಲೂರಿನ ಗುಡಿಯ ಮೇಲೆ ಬರೆದ ಪುಸ್ತಕ ಇಲ್ಲದಿದ್ದರೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಎಂಬ ಹೆಸರುಗಳು ಕಲ್ಲಿನಲ್ಲಿ ಇದ್ದೂ ನಮ್ಮ ಬಾಯಿಗೆ ಬರುತ್ತಿದ್ದವೇ? ವಿಷ್ಣುವರ್ಧನ ಹೊನ್ನು ಕೊಟ್ಟ, ನಿಜ. ಆದರೆ ಎಂಟು ಶತಮಾನ ಕಳೆದ ಮೇಲೆ ದಾಸೋಜನಿಗೆ ಅವನ ಹೆಸರನ್ನು ಮರಳಿ ಕೊಟ್ಟವರು ಏಣಿ ಹತ್ತಿ ಅಕ್ಷರ ಓದಿದ ಗುಮಾಸ್ತರು ಮತ್ತು ಪಂಡಿತರು. ನನ್ನ ಹುಡುಗರಿಗೆ ಇದನ್ನು ನಾನು ಹೇಳಲಿಲ್ಲವೆಂಬ ಕೊರಗು ಇದೆ.

ಅದೇ 1919ರಲ್ಲಿ ಶ್ಮಿಟ್-ರೊಟ್ಲುಫ್ ರೋಸಾ ಅವರ ಭಾವಚಿತ್ರವೊಂದನ್ನು ಬಿಡಿಸಿದ. ಹೆಸರು ‘ಡಾ. ರೋಸಾ ಷಾಪಿರೆ’. ಮೊದಲೂ ಆತ ಆಕೆಯನ್ನು ಚಿತ್ರಿಸಿದ್ದುಂಟು. ಆದರೆ ಹೆಸರಿನ ಹಿಂದಿನ ಆ ‘ಡಾ.’ ನನ್ನ ಕಣ್ಣನ್ನು ಹಿಡಿದು ನಿಲ್ಲಿಸುತ್ತದೆ. ಯುರೋಪಿನ ಚಿತ್ರಕಲೆಯಲ್ಲಿ ಪೋಷಕಿಯರ ಭಾವಚಿತ್ರಗಳಿಗೆ ಲೆಕ್ಕವಿಲ್ಲ, ಮುತ್ತಿನ ಸರವೂ ರೇಷ್ಮೆಯ ಮಡಿಕೆಯೂ ಅವರ ಅಂತಸ್ತನ್ನು ಸಾರುತ್ತವೆ. ಇಲ್ಲಿ ಅಂತಸ್ತನ್ನು ಹೇಳುವುದು ಪದವಿ.

1921ರಲ್ಲಿ ಆತ ಇನ್ನೂ ಮುಂದೆ ಹೋಗಿ ಆಕೆಯ ಬಾಡಿಗೆ ಮನೆಯ ಒಂದು ಕೋಣೆಯನ್ನೇ ಚಿತ್ರವಾಗಿಸಿದ. ಪೀಠೋಪಕರಣ, ಕೆತ್ತಿದ ಪೆಟ್ಟಿಗೆಗಳು, ಗೋಡೆಯ ಬಣ್ಣ ಎಲ್ಲವೂ ಆತನದೇ ಕಲ್ಪನೆ. ಆಕೆ ತೊಡುವ ಒಡವೆಗಳನ್ನು ಸಹ ಆತ ಮಾಡಿಕೊಟ್ಟಿದ್ದ. ಗೋಡೆಯ ಮೇಲೆ ಚಿತ್ರ ತೂಗುಹಾಕುವುದಕ್ಕೂ ಚಿತ್ರದೊಳಗೇ ಸಂಸಾರ ಹೂಡುವುದಕ್ಕೂ ವ್ಯತ್ಯಾಸವಿದೆ. ಆ ಕೋಣೆಯಲ್ಲಿ ಕುಳಿತೇ ಆಕೆ ಸೂಚಿಯ ಕೆಲಸ ಮಾಡಿರಬೇಕೆಂದು ನಾನು ಊಹಿಸಿಕೊಳ್ಳುತ್ತೇನೆ.

ಕೋಣೆಯ ಮಾತು ಬಂದಾಗ ನನಗೆ ಮೂಡಿಗೆರೆ ಸೀಮೆಯ ಕಾಫಿ ತೋಟದ ನಮ್ಮ ಹಳೆಯ ಮನೆ ನೆನಪಾಗುತ್ತದೆ. ನಮ್ಮ ತಂದೆ ಅಲ್ಲಿ ರೈಟರ್, ಎಂದರೆ ತೋಟದ ಲೆಕ್ಕ ಬರೆಯುವವರು, ಆಗಿದ್ದರು. ನಡುಮನೆಯ ಗೋಡೆಯ ಮೇಲೆ ಅಜ್ಜಿಯ ಕಾಲದಿಂದ ಬಂದ ರವಿವರ್ಮ ಪ್ರೆಸ್ಸಿನ ಪಟಗಳಿದ್ದವು: ಲಕ್ಷ್ಮಿ, ಸರಸ್ವತಿ, ಹಂಸದ ಜೊತೆ ಮಾತನಾಡುವ ದಮಯಂತಿ. ಆ ಮುದ್ರಣಾಲಯಕ್ಕೆ ಜರ್ಮನಿಯಿಂದ ಯಂತ್ರಗಳೂ ತಂತ್ರಜ್ಞರೂ ಬಂದಿದ್ದರೆಂಬುದು, ಅದನ್ನು ಕಡೆಗೆ ಶ್ಲೈಶರ್ ಎಂಬ ಜರ್ಮನ್ ತಂತ್ರಜ್ಞನೇ ಕೊಂಡನೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಹಾಗಾಗಿ ಮಲೆನಾಡಿನ ನಡುಮನೆಯಲ್ಲಿಯೂ ಜರ್ಮನಿಯ ಶಿಲಾಮುದ್ರಣದ ಒಂದು ಎಳೆ ಇದ್ದೇ ಇತ್ತು. ನಮ್ಮದು ಪೂಜೆಗೆ, ಅವರದು ಜಗಳಕ್ಕೆ ಎಂಬುದಷ್ಟೇ ವ್ಯತ್ಯಾಸ. ತಂದೆ ನಿವೃತ್ತರಾಗಿ ಹಾಸನಕ್ಕೆ ಬರುವಾಗ ಆ ಪಟಗಳನ್ನು ಹಳೆಯ ಸಾಮಾನು ಕೊಳ್ಳುವವನೊಬ್ಬ ಚೌಕಟ್ಟುಗಳ ಬೆಲೆಗೆ ಎತ್ತಿಕೊಂಡು ಹೋದ. ದಿನವೂ ಚೆಕ್‌ರೋಲ್ ಎಂಬ ಹಾಜರಿ ಪುಸ್ತಕದಲ್ಲಿ ಒಂದೊಂದು ಆಳಿನ ಹೆಸರನ್ನೂ ತಪ್ಪದೆ ಬರೆಯುತ್ತಿದ್ದ ಮನುಷ್ಯ, ಮನೆಯ ಗೋಡೆಯ ಮೇಲೆ ಏನೇನಿತ್ತು ಎಂಬುದನ್ನು ಒಂದು ಚೀಟಿಯ ಮೇಲೂ ಬರೆದಿಡಲಿಲ್ಲ.

ರೋಸಾ ಅವರ ಇನ್ನೊಂದು ಕೆಲಸವನ್ನು ಹೇಳದೆ ಮುಂದೆ ಹೋಗುವಂತಿಲ್ಲ. 1916ರಲ್ಲಿ, ಕವಿ ರಿಚರ್ಡ್ ಡೇಮೆಲ್ ಅವರ ಪತ್ನಿ ಇಡಾ ಡೇಮೆಲ್ ಜೊತೆ ಸೇರಿ, ಹೊಸ ಜರ್ಮನ್ ಕಲೆಯ ಪ್ರೋತ್ಸಾಹಕ್ಕಾಗಿ ಅವರು ಒಂದು ಮಹಿಳಾ ಸಂಘವನ್ನು ಸ್ಥಾಪಿಸಿದರು. ಸದಸ್ಯೆಯರ ಚಂದಾ ಹಣದಿಂದ ಬದುಕಿರುವ ಕಲಾವಿದರ ಕೃತಿಗಳನ್ನು ಕೊಂಡು ಸಾರ್ವಜನಿಕ ವಸ್ತುಸಂಗ್ರಹಾಲಯಗಳಿಗೆ ದಾನ ಮಾಡುವುದು ಅದರ ಉದ್ದೇಶ. ಹನ್ನೆರಡು ಮಾರ್ಕಿನ ತತ್ವವನ್ನೇ ಇಲ್ಲಿ ಹಿರಿದು ಮಾಡಿದ್ದರು ಎನ್ನಬಹುದು. ಸಂಗ್ರಹಕಾರರ ಮನೆಯ ಕತ್ತಲೆಗಿಂತ ಸಾರ್ವಜನಿಕ ಗೋಡೆಯೇ ಚಿತ್ರಕ್ಕೆ ಭದ್ರ ಎಂದು ಯಾರಾದರೂ ನಂಬುವಂಥ ದಿನಗಳು ಅವು.

ಆ ನಂಬಿಕೆ ತಲೆಕೆಳಗಾಯಿತು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದೊಡನೆ ಸಂಘ ಮುಚ್ಚಿಹೋಯಿತು. ಯೆಹೂದ್ಯ ವಿದುಷಿ ಸಾರ್ವಜನಿಕವಾಗಿ ಮಾತನಾಡುವ ಅವಕಾಶ ಕ್ರಮೇಣ ಇಲ್ಲವಾಯಿತು. 1937ರ ಜುಲೈ 19ರಂದು ಮ್ಯೂನಿಕ್‌ನಲ್ಲಿ ‘ಅವನತ ಕಲೆ’ ಎಂಬ ಹೆಸರಿನ ಪ್ರದರ್ಶನ ತೆರೆಯಿತು. ಅದು ಮೆಚ್ಚಲು ಏರ್ಪಡಿಸಿದ್ದಲ್ಲ, ಗೋಡೆಯ ಮೇಲೆ ಗೇಲಿಯ ಮಾತು ಬರೆದು ಜನರಿಂದ ನಗಿಸಲು ಏರ್ಪಡಿಸಿದ್ದು. ದೇಶದ ವಸ್ತುಸಂಗ್ರಹಾಲಯಗಳಿಂದ ಶ್ಮಿಟ್-ರೊಟ್ಲುಫ್ ಒಬ್ಬನದೇ 608 ಕೃತಿಗಳನ್ನು ಹೊರಹಾಕಿದರು. 1938ರ ಮೇ 31ರ ಕಾನೂನು ಈ ಮುಟ್ಟುಗೋಲಿಗೆ ಪರಿಹಾರ ಕೊಡಬೇಕಾಗಿಲ್ಲವೆಂದು ಮೊಹರು ಒತ್ತಿತು. ಗಮನಿಸಬೇಕಾದ ಅಂಶವೆಂದರೆ, ಈ ಕೊಡಲಿ ಬಿದ್ದದ್ದು ಸಾರ್ವಜನಿಕ ಸಂಗ್ರಹಗಳ ಮೇಲೆ. ಜರ್ಮನಿಯ ಜೇನಾ ನಗರದಲ್ಲಿ ಪುರಾತತ್ವ ವಿದ್ವಾಂಸ ಬೋಟೋ ಗ್ರೇಫ್ ಕಿರ್ಶ್ನರ್‌ನ ಆಪ್ತರಾಗಿದ್ದರು. ಅವರು 1917ರಲ್ಲಿ ತೀರಿಕೊಂಡ ಮೇಲೆ, ಗ್ರೇಫ್ ಅವರ ನೆನಪಿಗಾಗಿ ಕಿರ್ಶ್ನರ್ ತನ್ನ ಮುದ್ರಣಚಿತ್ರಗಳ ದೊಡ್ಡ ಕಟ್ಟನ್ನು ಅಲ್ಲಿನ ಕಲಾಸಂಘಕ್ಕೆ ಕೊಟ್ಟಿದ್ದ. ಅದೂ 1937ರಲ್ಲಿ ಹೋಯಿತು. ಆದರೆ ಖಾಸಗಿಯವರ ಕೈಯಲ್ಲಿದ್ದದ್ದು ಕೆಲವೆಡೆ ಉಳಿಯಿತು. ರಸಾಯನಶಾಸ್ತ್ರಜ್ಞ ಕಾರ್ಲ್ ಹಾಗೆಮನ್ ಕಿರ್ಶ್ನರ್‌ನ ಚಿತ್ರಗಳನ್ನು ಪ್ರೀತಿಯಿಂದ ಕೂಡಿಹಾಕಿದ್ದರು, 1940ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಟ್ರಾಮ್ ಅಪಘಾತದಲ್ಲಿ ತೀರಿಕೊಂಡರು. ಅವರ ಸಂಗ್ರಹ ಯುದ್ಧ ದಾಟಿ, ಅದರಲ್ಲಿ ಒಂದು ಭಾಗ ಅಲ್ಲಿನ ಸ್ಟೇಡೆಲ್ ಸಂಗ್ರಹಾಲಯವನ್ನು ಸೇರಿತು. ಊರಿನ ಮನೆ ಊರಿಗೆ, ತನ್ನ ಮನೆ ತನಗೆ ಎಂಬ ನಮ್ಮ ಹಿರಿಯರ ಲೆಕ್ಕಾಚಾರ ಎಷ್ಟೋ ಸಲ ಸಣ್ಣತನದಂತೆ ಕಂಡಿದ್ದುಂಟು. ರಾಜ್ಯವೇ ಕೊಳ್ಳೆ ಹೊಡೆಯಲು ಇಳಿದಾಗ ಮಾತ್ರ ಅದರ ಅರ್ಥ ಬೇರೆಯಾಗುತ್ತದೆ.

1939ರ ಆಗಸ್ಟ್‌ನಲ್ಲಿ, ಯುದ್ಧ ಆರಂಭವಾಗಲು ಕೆಲವೇ ದಿನಗಳಿರುವಾಗ, ಅರವತ್ತೈದರ ಅಂಚಿನಲ್ಲಿದ್ದ ರೋಸಾ ಹ್ಯಾಂಬರ್ಗ್ ಬಿಟ್ಟು ಇಂಗ್ಲೆಂಡಿಗೆ ಹೋದರು. ದೇಶ ಬಿಡುವ ಯೆಹೂದ್ಯರು ಕೈಯಲ್ಲಿ ಒಯ್ಯಬಹುದಾಗಿದ್ದ ನಗದು ಹತ್ತು ಮಾರ್ಕ್. ಎಂದರೆ, ಮೂವತ್ತೆರಡು ವರ್ಷದ ಹಿಂದೆ ಅವರು ಬಳಗಕ್ಕೆ ಕೊಟ್ಟ ಒಂದು ವರ್ಷದ ಚಂದಾಕ್ಕಿಂತ ಎರಡು ಮಾರ್ಕ್ ಕಡಿಮೆ. ಶ್ಮಿಟ್-ರೊಟ್ಲುಫ್‌ನ ಹಲವು ಚಿತ್ರಗಳು ಅವರೊಂದಿಗೆ ಸಮುದ್ರ ದಾಟಿದವು. 1921ರ ಆ ಕೋಣೆಯ ಪೀಠೋಪಕರಣಗಳು ದಾಟಲಿಲ್ಲ. ಹಿಂದೆ ಉಳಿದ ಮನೆಸಾಮಾನು ಮುಟ್ಟುಗೋಲಾಗಿ ಹರಾಜಿಗೆ ಹೋಯಿತು. ಹ್ಯಾಂಬರ್ಗ್ ಬಂದರು ಎಂದರೆ ನಮ್ಮ ಕಡೆಯವರಿಗೆ ಅಪರಿಚಿತವಲ್ಲ. ಕಾಫಿ ವ್ಯಾಪಾರದ ಮಾತು ಬಂದರೆ ಯುರೋಪಿನ ದೊಡ್ಡ ಗೋದಾಮುಗಳ ಊರೆಂದು ಅದರ ಹೆಸರು ಬಂದೇ ಬರುತ್ತದೆ. ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸ್‌ನ ಗೋಣಿಚೀಲಗಳ ಮೇಲೆ ಮಸಿಯಲ್ಲಿ ಒತ್ತಿದ ಗುರುತುಗಳನ್ನು ಬಾಲ್ಯದಲ್ಲಿ ನೋಡಿದ ನನಗೆ, ಚೀಲ ಕೂಡ ಹೆಸರು, ತೂಕ, ತಲುಪುವ ಊರು ಹೊತ್ತುಕೊಂಡು ಅಂಥ ಬಂದರಿಗೆ ಹೋಗುತ್ತಿತ್ತಲ್ಲ ಎನ್ನಿಸಿತು. ಹರಾಜಿನಲ್ಲಿ ಆ ಕುರ್ಚಿ ಮೇಜುಗಳನ್ನು ಕೊಂಡವರಿಗೆ ಅವು ಯಾರ ಕೈಯ ಕೆಲಸವೆಂದು ತಿಳಿದಿತ್ತೋ ಇಲ್ಲವೋ.

1943ರ ಜುಲೈ ಕೊನೆಯ ಬಾಂಬ್ ದಾಳಿ ಹ್ಯಾಂಬರ್ಗನ್ನು ಸುಟ್ಟಿತು. ಅದೇ ವರ್ಷ ಬರ್ಲಿನ್‌ನಲ್ಲಿ ಶ್ಮಿಟ್-ರೊಟ್ಲುಫ್‌ನ ಚಿತ್ರಶಾಲೆಯೂ ನೆಲಕ್ಕುರುಳಿತು. ಅಷ್ಟರಲ್ಲಾಗಲೇ, 1941ರಿಂದ, ಚಿತ್ರ ಬರೆಯಕೂಡದೆಂಬ ನಿಷೇಧ ಅವನ ಮೇಲಿತ್ತು. ಇಡಾ ಡೇಮೆಲ್ 1942ರಲ್ಲಿ ತಮ್ಮ ಜೀವವನ್ನು ತಾವೇ ಕೊನೆಗೊಳಿಸಿಕೊಂಡಿದ್ದರು. ಕೋಣೆ ಹೋಯಿತು, ಸಂಘ ಹೋಯಿತು, ಎಷ್ಟೋ ಹಾಳೆಗಳು ಬೂದಿಯಾದವು. ಒಂದು ಮುದ್ರಣಚಿತ್ರ ಹುಟ್ಟಿತ್ತೆ, ಯಾವ ವರ್ಷದ್ದು, ಯಾವ ಬಗೆಯದು ಎಂಬ ಪ್ರಶ್ನೆ ಬಂದಾಗ ತೆರೆಯಲು 1924ರ ಸೂಚಿ ಮಾತ್ರ ಇತ್ತು. ಕಲಾವಿದನ ಮುದ್ರಣಚಿತ್ರಗಳ ಬಗ್ಗೆ ಬರೆಯುವವರು ಇಂದಿಗೂ ಷಾಪಿರೆ ಕೊಟ್ಟ ಸಂಖ್ಯೆಯನ್ನು ಉಲ್ಲೇಖಿಸುತ್ತಾರೆ, ನಾವು ರೈಸ್ ಅವರ ಸಂಖ್ಯೆಯನ್ನು ಉಲ್ಲೇಖಿಸುವ ಹಾಗೆ.

ಲಂಡನ್‌ನಲ್ಲಿ ಅವರ ಬದುಕು ಇಕ್ಕಟ್ಟಿನದು. ಅನುವಾದ, ಪತ್ರಿಕೆಗಳಿಗೆ ಲೇಖನ, ನಿಕೊಲಾಸ್ ಪೆವ್ಸ್‌ನರ್ ಅವರು ಇಂಗ್ಲೆಂಡಿನ ಕಟ್ಟಡಗಳನ್ನು ಜಿಲ್ಲೆವಾರು ದಾಖಲಿಸುತ್ತಿದ್ದ ಬೃಹತ್ ಯೋಜನೆಗೆ ಗ್ರಂಥಾಲಯದಲ್ಲಿ ಕುಳಿತು ಮಾಹಿತಿ ಕೂಡಿಸುವ ಕೆಲಸ. ಮತ್ತೆ ಪಟ್ಟಿಯೇ! ಶತ್ರು ದೇಶದ ಕಲೆಯ ಮೇಲೆ ಆ ಕಾಲದ ಇಂಗ್ಲೆಂಡಿಗೆ ಹೆಚ್ಚಿನ ಒಲವಿರಲಿಲ್ಲ. ಲೆಸ್ಟರ್ ನಗರದ ಸಂಗ್ರಹಾಲಯ ಮಾತ್ರ ಯುದ್ಧ ನಡೆಯುತ್ತಿರುವಾಗಲೇ, 1944ರಲ್ಲಿ, ಮಧ್ಯ ಯುರೋಪಿನ ಕಲೆಯ ಪ್ರದರ್ಶನ ಮಾಡಿ ಧೈರ್ಯ ತೋರಿತ್ತು. 1953ರಲ್ಲಿ ಶ್ಮಿಟ್-ರೊಟ್ಲುಫ್‌ನ ಪ್ರದರ್ಶನವೂ ಅಲ್ಲಿಯೇ ನಡೆಯಿತು, ಅದರ ಹಿಂದೆ ರೋಸಾ ಇದ್ದರು. ಕೊನೆಯ ವರ್ಷಗಳಲ್ಲಿ ತಮ್ಮಲ್ಲಿದ್ದುದನ್ನು ಎಲ್ಲಿ ಯಾರಿಗೆ ಸೇರಿಸಬೇಕೆಂಬುದೇ ಅವರ ಚಿಂತೆಯಾಗಿತ್ತು. ಮಾರಿದ್ದರೆ ಮುಪ್ಪು ಸ್ವಲ್ಪ ಸಲೀಸಾಗುತ್ತಿತ್ತು, ಅವರು ಹಂಚಿದರು.

1954ರ ಫೆಬ್ರುವರಿ 1ರಂದು ರೋಸಾ ಷಾಪಿರೆ ಲಂಡನ್ನಿನ ಟೇಟ್ ಗ್ಯಾಲರಿಗೆ ಹೋಗಿದ್ದಾಗ ಅಲ್ಲಿಯೇ ಕುಸಿದು ಪ್ರಾಣಬಿಟ್ಟರು. ಅವರಿಗೆ ಎಪ್ಪತ್ತೊಂಬತ್ತು ವರ್ಷ. ಅದೇ ವರ್ಷ ಅವರ ಸಂಗ್ರಹದಿಂದ 1912ರ ‘ಇಬ್ಬರು ಹೆಂಗಸರು’, ಆಫ್ರಿಕಾದ ಶಿಲ್ಪಗಳ ಪ್ರಭಾವದಿಂದ ಮುಖ ನೀಳವಾದ 1915ರ ‘ಚೀಲ ಹಿಡಿದ ಹೆಂಗಸು’, 1919ರ ‘ಡಾ. ರೋಸಾ ಷಾಪಿರೆ’ ಎಂಬ ಚಿತ್ರಗಳು ಟೇಟ್‌ನ ದಾಖಲೆಗೆ ಸೇರಿದವು.

ಕಳೆದ ಭಾನುವಾರ ಚಿಕ್ಕಮಗಳೂರಿನಿಂದ ಅಕ್ಕ ಫೋನ್ ಮಾಡಿದಾಗ ಇದನ್ನೆಲ್ಲ ಹೇಳಿ, ತೋಟದ ಮನೆಯ ಪಟಗಳ ಪಟ್ಟಿಯನ್ನು ನೆನಪಿನಿಂದಾದರೂ ಬರೆಯೋಣವೆಂದೆ. ತಂದೆಯವರ ಖಾಲಿ ಉಳಿದಿದ್ದ ಒಂದು ಚೆಕ್‌ರೋಲ್ ಪುಸ್ತಕವನ್ನೇ ತೆಗೆದುಕೊಂಡು ಕುಳಿತೆ. ಒಟ್ಟು ಏಳು ಎಂದು ನಾನು, ಒಂಬತ್ತು ಎಂದು ಅಕ್ಕ. ಲಕ್ಷ್ಮಿಗೆ ಕ್ರಮಸಂಖ್ಯೆ 1, ಸರಸ್ವತಿಗೆ 2 ಎಂಬುದರಲ್ಲಿ ತಕರಾರಿರಲಿಲ್ಲ. ದಮಯಂತಿ ಇದ್ದದ್ದು ಅಡುಗೆಮನೆಯ ಬಾಗಿಲಿನ ಮೇಲೆ ಎಂದು ನಾನು ಹೇಳಿದೆ. “ಹೊಗೆ ಹಿಡಿಯೋ ಜಾಗದಲ್ಲಿ ಅಮ್ಮ ಅದನ್ನ ಹಾಕೋಕೆ ಬಿಡ್ತಿದ್ರೇನೋ? ಅದು ಇದ್ದದ್ದು ಗಡಿಯಾರದ ಪಕ್ಕ,” ಎಂದು ಅಕ್ಕ ಗದರಿದರು. ಆ ಸಾಲಿನ ಜಾಗದ ಅಂಕಣವನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ.